ಪೆಡಲ್ ಮೇಲಿನ ಕಂಬಳಿ

ಮಾರ್ಚ್ ೩

ದೊಡ್ಡಮ್ಮ,

ನಿನ್ನ ಹೊಲಿಗೆ ಮಿಷನ್ ಕೆಡಿಸಿದ್ದು ನಾನು. ಎಂಟು ವರ್ಷದಿಂದ ಈ ಒಂದು ಸಾಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ನಾನು ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಕೆಮ್ಮು ಹೋಗಿದೆ. ಅದೆಲ್ಲ ಆಮೇಲೆ. ಮೊದಲು ಇದನ್ನು ಓದು.

ನನಗಾಗ ಹನ್ನೊಂದು. ಅಮ್ಮ ಹೋಗಿ, ನಾನು ನಿನ್ನ ಮನೆ ಸೇರಿ ನಾಲ್ಕು ವರ್ಷವಾಗಿತ್ತು. ಅವತ್ತು ನೀನು ಯಾರದೋ ಮನೆಗೆ ಅಳತೆ ತೆಗೆಯಲು ಹೋಗಿದ್ದೆ. "ಮಿಷನ್ ಮುಟ್ಟಿದ್ರೆ ನಿನ್ನ ಬೆರಳಿಗೆ ಗುಂಡಿ ಹೊಲಿದುಬಿಡ್ತೀನಿ" ಅಂತ ಹೇಳಿಯೇ ಹೋಗಿದ್ದೆ. ನನಗೋ ಗೊಂಬೆಗೆ ಒಂದು ಚೀಲ ಹೊಲಿಯಲೇಬೇಕಿತ್ತು. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಕೆಳಗಿನ ದಾರ ಮುಗಿಯಿತು. ಜಾರುವ ತಗಡು ಸರಿಸಿ, ಒಳಗೆ ಕೆಳದಾರ ಹೊತ್ತು ಓಡುವ ದೋಣಿಯನ್ನು ಎತ್ತಿದೆ. ಗಿರಾಕಿಗಳ ಮುಂದೆ ನೀನು ಕೊಚ್ಚಿಕೊಳ್ಳುತ್ತಿದ್ದೆಯಲ್ಲ, "ಈಗಿನ ಮಿಷನ್ ಹೊಟ್ಟೇಲಿ ಕೆಳದಾರಕ್ಕೆ ದುಂಡು ಡಬ್ಬಿ, ನಮ್ಮಮ್ಮನ ಮಿಷನ್ ಹೊಟ್ಟೇಲಿ ಉಕ್ಕಿನ ದೋಣಿ" ಅಂತ, ಅದೇ ದೋಣಿ. ಎಣ್ಣೆ ಕೈ, ಜಾರಿತು. ಕಲ್ಲಿನ ನೆಲಕ್ಕೆ ಮೂತಿ ಕೆಳಗಾಗಿ ಬಿತ್ತು. ಎತ್ತಿ ನೋಡಿದರೆ ಚೂಪು ಮೂತಿ ಮಡಿಚಿ ಚಪ್ಪಟೆಯಾಗಿತ್ತು.

ನಾನು ಅಳಲಿಲ್ಲ. ಬಚ್ಚಲ ಮೆಟ್ಟಿಲಲ್ಲಿ ಕೂತು ಅದರ ಕಲ್ಲಿಗೇ ಮೂತಿ ಉಜ್ಜಿದೆ, ಕಡ್ಡಿ ಚೂಪು ಮಾಡುವ ಹಾಗೆ. ಐದು ನಿಮಿಷಕ್ಕೆ ಮೂತಿ ಮತ್ತೆ ಚೂಪಾಯಿತು, ನನ್ನ ಕಣ್ಣಿಗೆ ಮೊದಲಿಗಿಂತ ಚೆನ್ನಾಗಿಯೇ ಕಂಡಿತು. ಒರೆಸಿ, ಒಳಗಿಟ್ಟು, ತಗಡು ಮುಚ್ಚಿ, ಗಣಿತದ ಪುಸ್ತಕ ಹಿಡಿದು ಕೂತೆ. ನಾನು ಗಣಿತದ ಪುಸ್ತಕ ಹಿಡಿದಿದ್ದು ನೋಡಿಯೂ ನಿನಗೆ ಅನುಮಾನ ಬರಲಿಲ್ಲ, ನೋಡು!

ಮಾರನೆಯ ದಿನದಿಂದ ಮಿಷನ್ ಹೊಲಿಗೆ ಬಿಡತೊಡಗಿತು. ಹತ್ತು ಹೊಲಿಗೆ ಸರಿ, ಒಂದು ಹಾರಿ ಹೋಗುತ್ತೆ. ಅದೇ ವಾರ ಮಿಷನ್ ರಿಪೇರಿಯ ಎಣ್ಣೆ ಮಾವ ಅದರ ತಲೆ ಬಿಚ್ಚಿಕೊಂಡು ಹೋಗಿ, ಎಣ್ಣೆ ಹಾಕಿ ತಂದುಕೊಟ್ಟಿದ್ದರು. ನೀನು ಅವರನ್ನು ಕರೆಸಿ ಬಾಗಿಲಲ್ಲೇ ನಿಲ್ಲಿಸಿ ಅಂದೆ: "ನಮ್ಮಮ್ಮನ ಕಾಲದ ದೋಣಿ ತಗೊಂಡು ಯಾವುದೋ ಕಳಪೆ ದೋಣಿ ಹಾಕಿ ಕೊಟ್ಟಿದ್ದೀರಿ. ಇಷ್ಟು ವರ್ಷದ ಪರಿಚಯಕ್ಕೆ ಇದಾ?" ಅವರು ಎಣ್ಣೆ ಡಬ್ಬಿ ಕೈಯಲ್ಲಿ ಹಿಡಿದು "ಹಾಗೇನಾದ್ರೂ ಆಗಿದ್ರೆ..." ಅಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಯಾರಾದರೂ ನನ್ನನ್ನು ಕೇಳಿದ್ದರೆ ಹೇಳಿಬಿಡುತ್ತಿದ್ದೆ, ನಾನು ಸುಳ್ಳು ಹೇಳುವವಳಲ್ಲ ಅಂತ ನಿನಗೇ ಗೊತ್ತು. ಯಾರೂ ಕೇಳಲಿಲ್ಲ. ಕೇಳದಿದ್ದಾಗ ಸುಮ್ಮನಿರುವುದೂ ಸುಳ್ಳೇ ಅಂತ ಅರ್ಥವಾಗಲು ಇಷ್ಟು ವರ್ಷ ಹಿಡಿಯಿತು.

ಆಮೇಲೆ ನೀನು ಬೇರೆ ಯಾರಿಗೂ ಮಿಷನ್ ಮುಟ್ಟಲು ಬಿಡಲಿಲ್ಲ. ಆರೇ ತಿಂಗಳಲ್ಲಿ ಹೊಲಿಗೆಯನ್ನೇ ಬಿಟ್ಟು ಲಾಂಡ್ರಿ ಕೌಂಟರಿಗೆ ಸೇರಿದೆ. "ನನ್ನ ಲಯ ಹೋಯ್ತು" ಅಂದೆ. ಇಪ್ಪತ್ತಾರು ವರ್ಷ ಹೊಲಿದವಳ ಲಯ ಹೇಗೆ ಹೋಗುತ್ತೆ? ಹೋಗಿದ್ದು ದೋಣಿಯ ಮೂತಿ.

ಈಗ ನೀನು ಬರೆದಿದ್ದೀಯ, ಮೂವತ್ತನೇ ತಾರೀಖು ರೆಡಿಮೇಡ್ ಬಟ್ಟೆ ಅಂಗಡಿಯವರು ಬಂದು ಮಿಷನ್ ಒಯ್ಯುತ್ತಾರೆ, ಗಾಜಿನ ಕಿಟಕಿಯಲ್ಲಿ ಅಲಂಕಾರಕ್ಕೆ ಇಡುತ್ತಾರೆ ಅಂತ. ಅಂದರೆ ಬೆಲ್ಟ್ ಕಿತ್ತು, ಚಕ್ರ ಬಿಗಿದು, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಗೊಂಬೆ. ಬೇಡ, ದೊಡ್ಡಮ್ಮ. ದೋಣಿ ಬದಲಾಯಿಸಿದರೆ ಅದು ಹೊಲಿಯುತ್ತೆ. ನೀನೂ ಹೊಲಿಯುತ್ತೀ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎಲ್ಲದಕ್ಕೂ "ಹೂಂ, ಸರಿ, ಊಟ ಮಾಡು" ಅಂತೀಯ. ಇದಕ್ಕೆ ಹೂಂ ಅನ್ನಿಸಿಕೊಳ್ಳಲು ನನಗೆ ಇಷ್ಟವಿಲ್ಲ.

ನಿನ್ನ ಬುಗುರಿ


ಮಾರ್ಚ್ ೭

ಬುಗುರಿ,

ಪತ್ರ ಬಂತು. ಕೆಮ್ಮು ಹೋಗಿದ್ದು ಸಂತೋಷ.

ನೀನು ಚಿಕ್ಕವಳಿದ್ದಾಗಿನಿಂದಲೂ ನಾನು ಬೇಜಾರಲ್ಲಿದ್ದರೆ ಏನಾದರೊಂದು ಕಥೆ ಕಟ್ಟಿ ನಗಿಸಲು ನೋಡುತ್ತಿದ್ದೆ. ಇದೂ ಅದೇ ಅಂತ ನನಗೆ ಗೊತ್ತು. ಮಿಷನ್ ಹೋಗುತ್ತೆ ಅಂತ ತಿಳಿದು, ತಪ್ಪನ್ನು ನಿನ್ನ ತಲೆಗೆ ಕಟ್ಟಿಕೊಂಡು, ನಾನು ಮತ್ತೆ ಕೂತು ಹೊಲಿಯಲಿ ಅಂತ ಹೂಡಿದ ಆಟ. ಒಳ್ಳೆ ಮನಸ್ಸು, ಇಲ್ಲ ಅನ್ನುವುದಿಲ್ಲ. ಆದರೆ ದೋಣಿ ಕೆಟ್ಟಿದ್ದರೆ ಹೊಲಿಯುವವಳಿಗೆ ಸದ್ದಿನಲ್ಲೇ ಗೊತ್ತಾಗುತ್ತೆ. ಟಕ್ ಟಕ್ ಅನ್ನುವುದು ಕಟ್ ಕಟ್ ಅನ್ನುತ್ತೆ. ಹಾಗೇನೂ ಆಗಿರಲಿಲ್ಲ. ಲಯ ಹೋಗಿದ್ದು ನನ್ನದು.

ಅಂಗಡಿಯವರು ಸಭ್ಯರು. ವಾರಕ್ಕೊಮ್ಮೆ ಧೂಳು ಒರೆಸುತ್ತೇವೆ ಅಂದಿದ್ದಾರೆ. ನನ್ನ ಮನೆಯಲ್ಲಿ ಅದರ ಮೇಲೆ ಇಸ್ತ್ರಿ ಬಟ್ಟೆಯ ಗಂಟು ಕೂತಿದೆ, ಅದಕ್ಕಿಂತ ಅಲ್ಲಿ ಮರ್ಯಾದೆ ಹೆಚ್ಚು.

ಎಣ್ಣೆಯವರ ಹೆಸರು ಎತ್ತಬೇಡ. ಮುಗಿದ ಮಾತು.

ಹತ್ತನೇ ತರಗತಿ ಪರೀಕ್ಷೆಗೆ ಹೊರಗಿನಿಂದ ಕಟ್ಟಬಹುದಂತೆ, ಲಾಂಡ್ರಿಗೆ ಬರುವ ಮೇಡಂ ಹೇಳಿದರು. ಅರ್ಜಿ ಇದರೊಳಗೇ ಇಟ್ಟಿದ್ದೇನೆ.

ದೊಡ್ಡಮ್ಮ


ಮಾರ್ಚ್ ೧೦

ದೊಡ್ಡಮ್ಮ,

ಅರ್ಜಿಯ ಹಿಂಬದಿಯಲ್ಲೇ ಬರೆಯುತ್ತಿದ್ದೇನೆ. ಕಾಗದ ಚೆನ್ನಾಗಿದೆ.

ಕಥೆ ಕಟ್ಟುತ್ತಿದ್ದೇನೆ ಅಂದೆಯಲ್ಲ, ಸರಿ, ನನ್ನನ್ನು ನಂಬಬೇಡ. ದೋಣಿಯನ್ನು ನಂಬು. ತಗಡು ಸರಿಸಿ ಅದನ್ನು ತೆಗೆ. ಒಂದು ತೆಳು ರೇಷ್ಮೆ ಚೂರನ್ನು ಅದರ ಮೂತಿಯ ಮೇಲೆ ಎಳೆ. ಸರಿಯಾದ ದೋಣಿಯಾದರೆ ನೀರಿನ ಹಾಗೆ ಜಾರುತ್ತೆ. ಬಚ್ಚಲ ಮೆಟ್ಟಿಲಿನ ಎಡ ಮೂಲೆ ನೋಡು, ಬೆರಳಗಲದ ಒಂದು ಗೀರು ಇದೆ. ನಲ್ಲಿಯಿಂದ ನೀರು ಬಿದ್ದು ಆಗಿದ್ದು ಅಂತ ನೀನು ಅಂದುಕೊಂಡಿದ್ದೀಯ. ನೀರು ಅಷ್ಟು ನೇರವಾಗಿ ಗೀರು ಹಾಕುವುದಿಲ್ಲ.

ಇನ್ನೊಂದು ವಿಷಯ. ಹೇಳಲು ಶುರು ಮಾಡಿದ ಮೇಲೆ ಅರ್ಧ ಹೇಳಿ ನಿಲ್ಲಿಸಲು ನನಗೆ ಬರುವುದಿಲ್ಲ. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ ಅಂತ ನೀನು ನಂಬಿದ್ದೀಯ. ನಾನು ಬರೆದಿದ್ದು "ಹೊಲಿಗೆಗೆ ಸಂಬಂಧಪಟ್ಟ ಕೆಲಸ" ಅಂತ. ಎರಡು ವರ್ಷದಿಂದ ನಾನಿರುವುದು ಎಣ್ಣೆ ಮಾವನ ರಿಪೇರಿ ಅಂಗಡಿಯಲ್ಲಿ.

ಎದ್ದು ಓಡಾಡಬೇಡ. ಕೂತು ಓದು. ಮನೆ ಬಿಟ್ಟು ಬಂದಾಗ ಅವರನ್ನು ಹುಡುಕಿಕೊಂಡೇ ಬಂದೆ, ಇದನ್ನು ಹೇಳಲೆಂದೇ. ಬಾಗಿಲಲ್ಲಿ ನಿಂತಾಗ ಬಾಯಿಗೆ ಬಂದಿದ್ದು "ಕೆಲಸ ಇದ್ಯಾ ಮಾವ?" ಅಂತ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಕಲಿಯುತ್ತಾ ಹೋದೆ. ಅಂಗಡಿ ಅಂದರೆ ಒಂದೇ ಕೋಣೆ, ಗೋಡೆ ತುಂಬ ನೇತಾಡುವ ಚರ್ಮದ ಬೆಲ್ಟುಗಳು, ನೆಲದಲ್ಲಿ ಕಬ್ಬಿಣದ ಕಾಲುಗಳ ಕಾಡು. ಎಲ್ಲ ಹಳೇ ಪೆಡಲ್ ಮಿಷನ್‌ಗಳೇ. ಕರೆಂಟಿನದನ್ನು ಅವರು ಒಳಗೇ ಬಿಟ್ಟುಕೊಳ್ಳುವುದಿಲ್ಲ. "ಅದಕ್ಕೆ ಕಾಲೇ ಇಲ್ಲ, ಎಲ್ಲಿ ನಿಲ್ಸೋದು?" ಅಂತಾರೆ. ನನಗೂ ಇದೇ ಸರಿ. ಶಾಲೆಯಲ್ಲಿ ಕಾಲಾಡಿಸಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿ ಕಾಲಾಡಿಸಿದರೆ ಕೆಲಸ ಆಗುತ್ತೆ.

ನಿನ್ನ ಪತ್ರ ಬಂದ ಮೇಲೆ ನನಗೆ ಸಾಕ್ಷಿ ಬೇಕಾಯಿತು. ನಿನ್ನೆ ಬೆಳಗ್ಗೆ ಮಾವನಿಗೆ ಹೇಳಿಬಿಟ್ಟೆ. ಅವರು ಒಂದು ತಿರುಪು ಬಿಗಿಯುತ್ತಿದ್ದರು. ಬಿಗಿದು ಮುಗಿಸಿದರು. ಎದ್ದು ಹೋಗಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆದರು, ಇನ್ನೊಂದು ಸಲ ತೊಳೆದರು. ಬಂದು ಕೂತು ಅಂದರು: "ಅವತ್ತು ನನ್ನ ಬೆಂಚಿನ ಮೇಲೆ ಎರಡು ಮಿಷನ್ ಬಿಚ್ಚಿದ್ದೆ ಕಣೇ. ನಿಮ್ಮ ದೊಡ್ಡಮ್ಮ ಅಂದಿದ್ದು ನಿಜ ಇರಬೇಕು, ನಾನೇ ದೋಣಿ ಅದಲು ಬದಲು ಮಾಡಿರಬೇಕು ಅಂದ್ಕೊಂಡೆ. ಆ ಇನ್ನೊಂದು ಮಿಷನ್ನಿನವರು ಊರು ಬಿಟ್ಟಿದ್ರು, ಹುಡುಕಿದೆ, ಸಿಗಲಿಲ್ಲ."

ದೊಡ್ಡಮ್ಮ, ಈಗ ಅವರು ಒಂದು ಸಲಕ್ಕೆ ಒಂದೇ ಮಿಷನ್ ಬಿಚ್ಚುವುದು. ಎಷ್ಟೇ ಗಿರಾಕಿ ಕಾದಿರಲಿ, ಬೆಂಚಿನ ಮೇಲೆ ಎರಡನೆಯದು ಬರುವಂತಿಲ್ಲ. ಎರಡು ವರ್ಷ ಅದನ್ನು ಮುದುಕರ ಹಟ ಅಂತ ನಾನು ಆಡಿಕೊಂಡಿದ್ದೆ.

ಕಳ್ಳ ಅನ್ನಿಸಿಕೊಂಡವರು ನನಗೆ ಬೈಯಲಿಲ್ಲ. "ನಾಳೆ ಬೇಗ ಬಾ" ಅಂದರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ರೇಷ್ಮೆ ಚೂರು ಎಳೆದು ನೋಡಿ ಬರೆ.

ಬುಗುರಿ


ಮಾರ್ಚ್ ೧೯

ದೊಡ್ಡಮ್ಮ,

ಒಂಬತ್ತು ದಿನವಾಯಿತು. ಪೋಸ್ಟಿನವರು ನನ್ನನ್ನು ಕಂಡರೆ ಬೀದಿಯ ಆ ಬದಿಗೆ ದಾಟುತ್ತಾರೆ.

ಬೈಯಬೇಕಾದರೆ ಬೈ. ಕಾರ್ಡಿನಲ್ಲಿ ಬೈದರೂ ಪರವಾಗಿಲ್ಲ, ಎಲ್ಲರೂ ಓದಲಿ. ನೀನು ಸುಮ್ಮನಾದರೆ ಏನು ಮಾಡಬೇಕೋ ನನಗೆ ಗೊತ್ತಾಗುವುದಿಲ್ಲ. ನಿನ್ನ ಮೌನ ನನಗೆ ಹೊಸದೇನಲ್ಲ. ನಾನು ಮನೆ ಬಿಟ್ಟ ದಿನ ನೀನು ಕಿಟಕಿ ಹತ್ತಿರ ಬೆನ್ನು ಮಾಡಿ ನಿಂತು ಬಟ್ಟೆ ಮಡಿಸುತ್ತಿದ್ದೆ. ಬಾಗಿಲಲ್ಲಿ ನಿಂತು "ಹೋಗಿಬರ್ತೀನಿ ದೊಡ್ಡಮ್ಮ" ಅಂದೆ. ಮೂರು ಸಲ ಅಂದೆ. ನೀನು ತಿರುಗಿ ಕೂಡ ನೋಡಲಿಲ್ಲ. ಶಾಲೆ ಬಿಟ್ಟ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡು ಮೆಟ್ಟಿಲಿಳಿದೆ. ಬಸ್ಸಿನಲ್ಲಿ ಅತ್ತೆ. ಇದನ್ನು ಬರೆಯಬಾರದು ಅಂತಿದ್ದೆ, ಬರೆದಾಯಿತು.

ಕೆಲಸದ ಸುದ್ದಿ ಹೇಳುತ್ತೇನೆ. ಎಣ್ಣೆ ಮಾವನ ಹತ್ತಿರ ಹಳೇ ದೋಣಿಗಳ ಒಂದು ಬಿಸ್ಕತ್ತಿನ ಡಬ್ಬಿ ಇದೆ. ನಿನ್ನ ಮಿಷನ್ನಿನ ತಲೆಯ ಮೇಲಿನ ನಂಬರ್ ನನಗೆ ಬಾಯಿಪಾಠ, ಮಗ್ಗಿ ಬಾರದಿದ್ದರೂ ಅದು ಬರುತ್ತೆ. ಆ ನಂಬರಿನದು ಒಂದೂ ಸಿಗಲಿಲ್ಲ. ಹತ್ತಿರದ್ದು ಒಂದಿದೆ, ಕೂದಲೆಳೆಯಷ್ಟು ಹೆಚ್ಚು ದಪ್ಪ. ಅದನ್ನೇ ಎಣ್ಣೆ ಹಚ್ಚಿದ ಸಾಣೆಕಲ್ಲಿನ ಮೇಲೆ ಉಜ್ಜುತ್ತಿದ್ದೇನೆ. ನಾಲ್ಕು ದಿನವಾಯಿತು. ಹತ್ತು ಸಲ ಉಜ್ಜುವುದು, ಒರೆಸುವುದು, ಬೆಳಕಿಗೆ ಹಿಡಿಯುವುದು, ಕೆನ್ನೆಗೆ ತಾಗಿಸಿ ನೋಡುವುದು. "ಕೈಗಿಂತ ಕೆನ್ನೆ ಚುರುಕು" ಅಂತಾರೆ ಮಾವ. ಹನ್ನೊಂದು ವರ್ಷದವಳು ಐದು ನಿಮಿಷದಲ್ಲಿ ಮುಗಿಸಿದ ಕೆಲಸ!

ಮೂವತ್ತಕ್ಕೆ ಇನ್ನು ಹನ್ನೊಂದು ದಿನ. ಮಿಷನ್ ಕೊಡುವುದಾದರೆ ಕೊಡು, ಆದರೆ ಕೊಡುವ ಮೊದಲು ಒಂದೇ ಒಂದು ಸಲ ಹೊಸ ದೋಣಿ ಹಾಕಿ ಹೊಲಿದು ನೋಡು. ಆಮೇಲೆ ನನ್ನ ಮುಖ ನೋಡಬೇಡ, ಒಪ್ಪಿದೆ.

ಬುಗುರಿ


ಮಾರ್ಚ್ ೨೨

ಬುಗುರಿ,

ಹನ್ನೆರಡನೇ ತಾರೀಖೇ ರೇಷ್ಮೆ ಎಳೆದು ನೋಡಿದೆ. ಮೂತಿಗೆ ಸಿಕ್ಕಿಕೊಂಡು ಎಳೆ ಬಂತು. ಮೆಟ್ಟಿಲಿನ ಗೀರೂ ನೋಡಿದೆ. ಕತ್ತೆ, ಇಷ್ಟೆಲ್ಲ ಮಾಡಿ ಗಣಿತದ ಪುಸ್ತಕ ಹಿಡಿದು ಕೂತಿದ್ದೆಯಾ? ನೀನು ಬೈಯಿಸಿಕೊಳ್ಳಲು ಕಾದಿದ್ದೀಯ, ಅದಕ್ಕೆ ಬೈದೆ. ಬೈಗುಳ ಇಲ್ಲಿಗೆ ಮುಗಿಯಿತು. ಹನ್ನೊಂದು ವರ್ಷದ ಮಗುವಿನ ಕೈಜಾರಿದ್ದಕ್ಕೆ ಅದಕ್ಕಿಂತ ಹೆಚ್ಚು ಬೈಯಲು ನನ್ನಿಂದ ಆಗುವುದಿಲ್ಲ.

ಇಷ್ಟು ದಿನ ಬರೆಯದಿದ್ದಕ್ಕೆ ನಿನ್ನ ಮೇಲಿನ ಸಿಟ್ಟು ಕಾರಣ ಅಲ್ಲ. ಬರೆಯಲು ಕೂತರೆ ನಾನೂ ಒಂದು ಹೇಳಬೇಕಾಗುತ್ತಿತ್ತು.

ನನಗೆ ಕಿವಿ ಕೇಳುವುದಿಲ್ಲ. ಈಗಿನದ್ದಲ್ಲ. ನೀನು ದೋಣಿ ಬೀಳಿಸಿದ ವರ್ಷವೇ ಅರ್ಧ ಹೋಗಿತ್ತು, ಈಗ ಬಲಗಿವಿ ಪೂರ್ತಿ, ಎಡಗಿವಿ ಮುಕ್ಕಾಲು. ದೋಣಿ ಕೆಟ್ಟರೆ ಸದ್ದಿನಲ್ಲೇ ಗೊತ್ತಾಗುತ್ತೆ ಅಂತ ಬರೆದೆನಲ್ಲ, ಬರೆದು ಪೋಸ್ಟಿಗೆ ಹಾಕಿದ ಮೇಲೆ ಆ ಸಾಲು ನನ್ನನ್ನು ಬಿಡಲಿಲ್ಲ. ಕಿವಿ ಇದ್ದ ಯಾವ ದರ್ಜಿಗಾದರೂ ಒಂದೇ ದಿನದಲ್ಲಿ ತಿಳಿಯುತ್ತಿತ್ತು. ಮಿಷನ್ ಕಟ್ ಕಟ್ ಅಂತ ಕೂಗಿ ಹೇಳಿರಬೇಕು. ನನಗೆ ಕೇಳಲಿಲ್ಲ. ಕೇಳಲಿಲ್ಲ ಅಂತ ಒಪ್ಪಿಕೊಳ್ಳುವ ಬದಲು ಎಣ್ಣೆಯವರ ಮೇಲೆ ಹಾಕಿದೆ. ನೀನು ದೋಣಿ ಕೆಡಿಸಿದೆ, ಅಷ್ಟೆ. ಒಬ್ಬ ಮರ್ಯಾದಸ್ಥರನ್ನು ಬಾಗಿಲಲ್ಲಿ ನಿಲ್ಲಿಸಿ ಕಳ್ಳ ಅಂದಿದ್ದು ನಾನು.

ಲಾಂಡ್ರಿ ಯಾಕೆ ಸೇರಿದೆ ಗೊತ್ತಾ? ಅಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಸದ್ದಿಗೆ ಎಲ್ಲರೂ ಎಲ್ಲರಿಗೂ ಕಿರುಚಿಯೇ ಮಾತಾಡಬೇಕು. ನನಗೆ ಕೇಳದಿದ್ದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಚೀಟಿಯ ಮೇಲೆ ನಂಬರ್ ಇರುತ್ತೆ, ನೋಡಿ ಬಟ್ಟೆ ಕೊಟ್ಟರಾಯಿತು.

ನಿನಗೆ ಹೇಳಲಿಲ್ಲ ಯಾಕೆ ಅಂದರೆ, ನಿನ್ನ ಅಜ್ಜಿಗೂ ಹೀಗೇ ಆಗಿತ್ತು. ಆಗ ನಾನೂ ನಿನ್ನಮ್ಮನೂ ಅವಳ ಬೆನ್ನ ಹಿಂದೆ ನಿಂತು ಬಾಯಿಗೆ ಬಂದಿದ್ದೆಲ್ಲ ಹೇಳಿ, ಅವಳು ತಿರುಗದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆವು. ಅವಳು ಪಾಪ ಕೂತು ಹೊಲಿಯುತ್ತಿದ್ದಳು, ಸಾಯುವ ವಾರದವರೆಗೂ. ನೀನು ನನ್ನ ಬೆನ್ನ ಹಿಂದೆ ನಿಂತು ನಗುವುದು ನನಗೆ ಬೇಡವಾಗಿತ್ತು.

ಈಗ ನಿನ್ನ ಹತ್ತೊಂಬತ್ತನೇ ತಾರೀಖಿನ ಪತ್ರ. ಮೂರು ಸಲ ಅಂದೆಯಾ? ಬುಗುರಿ, ಒಂದು ಸಲವೂ ಕೇಳಲಿಲ್ಲ ನನಗೆ. ನಿನಗೆ ಅಂತ ಹೊಸ ಟವೆಲ್ ಮಡಿಸುತ್ತಿದ್ದೆ. ಕೊಡೋಣ ಅಂತ ತಿರುಗಿದರೆ ಬಾಗಿಲು ಖಾಲಿ. ಹೇಳದೆ ಕೇಳದೆ ಹೋದಳು ಅಂತ ಎರಡು ವರ್ಷ ಒಳಗೊಳಗೇ ಬೇಯುತ್ತಿದ್ದೆ. ಆ ಟವೆಲ್ ಇನ್ನೂ ಮಡಿಕೆ ಬಿಚ್ಚದೆ ಇದೆ.

ಮಿಷನ್ ವಿಷಯ ಮಾತ್ರ ಬದಲಾಗುವುದಿಲ್ಲ. ನಿನ್ನೆ ಇಸ್ತ್ರಿ ಗಂಟು ಇಳಿಸಿ, ಕೂತು, ಸುಮ್ಮನೆ ಪೆಡಲ್ ತುಳಿದೆ. ಚಕ್ರ ತಿರುಗಿತು, ಸೂಜಿ ಏರಿತು, ಇಳಿಯಿತು. ಎಲ್ಲ ಗಾಜಿನ ಆಚೆ ನಡೆದ ಹಾಗಿತ್ತು. ಹೊಸ ದೋಣಿ ಹಾಕಬಹುದು, ಹೊಸ ಕಿವಿ ಎಲ್ಲಿಂದ ತರುತ್ತೀ? ಅದು ಎಲ್ಲಿ ತಪ್ಪುತ್ತೆ ಅಂತ ತಿಳಿಯದೆ ಹೊಲಿಯುವುದು ಕಣ್ಣು ಕಟ್ಟಿಕೊಂಡು ಬೀದಿ ದಾಟಿದ ಹಾಗೆ. ಅಂಗಡಿಯವರಿಗೆ ಮಾತು ಕೊಟ್ಟಾಗಿದೆ. ಮೂವತ್ತಕ್ಕೆ ಬರುತ್ತಾರೆ.

ಕಿವಿಯ ವಿಷಯ ಯಾರಿಗೂ ಹೇಳಬೇಡ. ಎಣ್ಣೆಯವರಿಗೂ.

ದೊಡ್ಡಮ್ಮ


ಮಾರ್ಚ್ ೨೫

ದೊಡ್ಡಮ್ಮ,

ನಿನ್ನ ಪತ್ರವನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಿದೆ. ನಾಲ್ಕು ಸಲ ಓದಿದೆ. ಟವೆಲ್ ಬಗ್ಗೆ ಏನೂ ಬರೆಯಲು ಆಗುತ್ತಿಲ್ಲ, ಬಂದು ತೆಗೆದುಕೊಳ್ಳುತ್ತೇನೆ.

ಒಂದು ಪ್ರಶ್ನೆ. ಅಜ್ಜಿ ಕಿವುಡಿಯಾದ ಮೇಲೂ ಸಾಯುವ ವಾರದವರೆಗೆ ಹೊಲಿದಳು ಅಂತ ನೀನೇ ಬರೆದಿದ್ದೀಯ. ಅದೇ ಮಿಷನ್, ಅದೇ ದೋಣಿ. ಅವಳಿಗೆ ಎಲ್ಲಿ ತಪ್ಪುತ್ತೆ ಅಂತ ಹೇಗೆ ತಿಳಿಯುತ್ತಿತ್ತು?

ನನ್ನನ್ನು ಇದು ಬಿಡಲಿಲ್ಲ. ನಿನ್ನೆ ಮಧ್ಯಾಹ್ನ ಕಿವಿಗೆ ಹತ್ತಿ ತುರುಕಿ, ಮೇಲೆ ಮೇಣ ಮೆತ್ತಿ, ತಲೆಗೆ ಬಟ್ಟೆ ಸುತ್ತಿಕೊಂಡು ಒಂದು ಪೆಡಲ್ ಮಿಷನ್ನಿಗೆ ಕೂತೆ. ಎಣ್ಣೆ ಮಾವ ಎದುರು ಬಂದು ನಿಂತು ಕೈ ಆಡಿಸಿದರು. ಬಿಚ್ಚಿದ ಮೇಲೆ ತಿಳಿಯಿತು, "ಯಾಕೆ, ನನ್ನ ಮಾತು ಇಷ್ಟು ಬೇಗ ಸಾಕಾಯ್ತಾ?" ಅಂತ ಕೇಳುತ್ತಿದ್ದರಂತೆ. ಕಾರಣ ಹೇಳೋ ಹಾಗಿಲ್ಲ ಅಂದೆ. ಅವರು ಮತ್ತೆ ಕೇಳಲಿಲ್ಲ.

ಮೊದಲು ಚಪ್ಪಲಿ ಹಾಕಿ ಹೊಲಿದೆ. ನೀನು ಹೇಳಿದ ಹಾಗೆಯೇ, ಎಲ್ಲ ಗಾಜಿನ ಆಚೆ. ಬೇಕೆಂದೇ ಕೆಟ್ಟ ದೋಣಿ ಹಾಕಿದ್ದೆ. ಎಲ್ಲಿ ಹೊಲಿಗೆ ಬಿಟ್ಟಿತು ಅಂತ ಒಂದೂ ತಿಳಿಯಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲು ಇಟ್ಟೆ. ದೊಡ್ಡಮ್ಮ, ಕಬ್ಬಿಣ ಮಾತಾಡುತ್ತೆ! ದೋಣಿಯ ಮೂತಿ ದಾರ ಹಿಡಿಯದೆ ತಡವರಿಸಿದಾಗಲೆಲ್ಲ ಪೆಡಲ್ಲಿನಲ್ಲಿ ಸಣ್ಣಗೆ ಚಿಮ್ಮಿದ ಹಾಗಾಗುತ್ತೆ, ಹಿಮ್ಮಡಿಯಲ್ಲಲ್ಲ, ಬೆರಳುಗಳ ಬುಡದಲ್ಲಿ. ಮೊದಲ ಗಂಟೆ ನನ್ನ ಭ್ರಮೆ ಅಂದುಕೊಂಡೆ. ಎರಡನೇ ಗಂಟೆ, ಚಿಮ್ಮಿದಲ್ಲೆಲ್ಲ ನಿಲ್ಲಿಸಿ ಬಟ್ಟೆಗೆ ಸೀಮೆಸುಣ್ಣದಿಂದ ಗುರುತು ಹಾಕಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಗುರುತು ಸರಿ ಇತ್ತು, ಅಲ್ಲೇ ಹೊಲಿಗೆ ಬಿಟ್ಟಿತ್ತು. ನನ್ನ ಕಾಲು ಎರಡೇ ಗಂಟೆಯದ್ದು. ನಿನ್ನದು ಇಪ್ಪತ್ತಾರು ವರ್ಷದ ಕಾಲು.

ನಿನ್ನ ಪೆಡಲ್ ಮೇಲೆ ಏನಿದೆ ಅಂತ ನೆನಪು ಮಾಡಿಕೊಂಡೆ. ಗೋಣಿತಾಟು ಮಡಿಸಿ, ಮೇಲೆ ಕಂಬಳಿ ಚೂರು ಇಟ್ಟು, ಸುತ್ತ ಹೊಲಿದು ಕಟ್ಟಿದ ಆ ದಪ್ಪ ಮೆತ್ತೆ. ನಾನು ಏಳು ವರ್ಷದವಳಾಗಿ ನಿನ್ನ ಮನೆಗೆ ಬಂದಾಗ ನೀನೇ ಹಾಕಿದ್ದು. ಪೆಡಲ್ ಗಡಗಡ ಸದ್ದಿಗೆ ನನಗೆ ಓದಲು ಆಗುವುದಿಲ್ಲ ಅಂತ ನಾನು ಹಟ ಮಾಡಿದ್ದೆ. ಓದಿದ್ದು ಎಷ್ಟು ಅಂತ ಇಬ್ಬರಿಗೂ ಗೊತ್ತು.

ಅದನ್ನು ಕಿತ್ತು ಹಾಕು. ಬರಿಗಾಲಲ್ಲಿ ಕೂತು, ಆ ಕೆಟ್ಟ ದೋಣಿಯಲ್ಲೇ ಒಂದು ಮೊಳ ಹೊಲಿ. ಏನೂ ತಿಳಿಯದಿದ್ದರೆ ಮೂವತ್ತಕ್ಕೆ ಮಿಷನ್ ಕೊಡು, ಮತ್ತೆ ನಾನು ಬಾಯಿ ತೆರೆಯುವುದಿಲ್ಲ.

ಬುಗುರಿ


ಮಾರ್ಚ್ ೨೮

ಬುಗುರಿ,

ಮೆತ್ತೆ ಕೀಳಲು ಅರ್ಧ ದಿನ ಹಿಡಿಯಿತು. ನನ್ನ ಹೊಲಿಗೆ ಅಷ್ಟು ಗಟ್ಟಿ ಅಂತ ನನಗೇ ಗೊತ್ತಿರಲಿಲ್ಲ. ಕೆಳಗೆ ಪೆಡಲ್ ಮೇಲೆ ತುಕ್ಕು ಹಿಡಿದಿತ್ತು. ಎಣ್ಣೆ ಬಟ್ಟೆಯಲ್ಲಿ ತಿಕ್ಕಿದೆ. ತಿಕ್ಕುತ್ತಾ ಹೋದ ಹಾಗೆ, ಜಾಲರಿಯ ಹೂವಿನ ಚಿತ್ತಾರ ಎರಡು ಕಡೆ ಸವೆದು ನುಣ್ಣಗಾಗಿದ್ದು ಕಂಡಿತು. ಎಡಗಡೆ ಸ್ವಲ್ಪ ಮುಂದೆ, ಬಲಗಡೆ ಸ್ವಲ್ಪ ಹಿಂದೆ. ನಮ್ಮಮ್ಮ ಕೂರುತ್ತಿದ್ದದ್ದು ಹಾಗೆಯೇ, ಒಂದು ಕಾಲು ಮುಂದಿಟ್ಟು. ಅವಳು ಚಪ್ಪಲಿ ಹಾಕಿ ಹೊಲಿದಿದ್ದನ್ನು ನಾನು ನೋಡಿಯೇ ಇರಲಿಲ್ಲ. ನೋಡಿಯೇ ಇರಲಿಲ್ಲ ಅನ್ನುವುದು ಕೂಡ ಈಗಷ್ಟೇ ನೆನಪಾಗಿದ್ದು. ಅವಳ ಗುರುತಿನ ಮೇಲೆ ನನ್ನ ಕಾಲು ಇಟ್ಟೆ. ಅವಳ ಪಾದ ನನ್ನದಕ್ಕಿಂತ ಚಿಕ್ಕದು.

ಕೂತ ತಕ್ಷಣ ಏನೂ ತಿಳಿಯಲಿಲ್ಲ. ನೀನು ಸುಳ್ಳು ಹೇಳಿದೆ ಅಂದುಕೊಂಡೆ. ಆಮೇಲೆ ನಿನಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ನೆನಪಾಯಿತು, ಮತ್ತೆ ತುಳಿದೆ. ಹಳೇ ದಿಂಬಿನ ಚೀಲ ಒಂದನ್ನು ಉದ್ದಕ್ಕೂ ಹೊಲಿದೆ. ಕಾಲಿಗೆ ಏನಾದರೂ ತಾಗಿದರೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಕೊನೆಗೆ ಕನ್ನಡಕ ಹಾಕಿ ಎಣಿಸಿದೆ. ಹನ್ನೊಂದು ಕಡೆ ಹೊಲಿಗೆ ಬಿಟ್ಟಿತ್ತು. ಎಂಟು ನನ್ನ ಗೆರೆಯ ಹತ್ತಿರವೇ ಇದ್ದವು. ಮೂರು ತಪ್ಪಿಸಿಕೊಂಡಿದ್ದವು. ಎಂಟು ಸಿಕ್ಕಿತಲ್ಲ ಅಂತ ಕೂತಲ್ಲೇ ನಕ್ಕೆ. ಕೆಳಮನೆಯಾಕೆ ಓಡಿ ಬಂದಳು. ಅವಳಿಗೆ ನನ್ನ ಕಿವಿಯ ವಿಷಯ ಹೇಳಿಬಿಟ್ಟೆ. "ಗೊತ್ತಿತ್ತಲ್ಲ ಅಕ್ಕ, ಅದಕ್ಕೇ ನಾನು ಬಾಗಿಲು ತಟ್ಟೋದು ಬಿಟ್ಟು ನೇರ ಒಳಗೇ ಬರೋದು" ಅಂದಳು. ಇಷ್ಟು ವರ್ಷ ಅವಳಿಗೆ ನಡತೆ ಇಲ್ಲ ಅಂತ ಬೈದುಕೊಂಡಿದ್ದೆ.

ಅಂಗಡಿಯವರಿಗೆ ಹೋಗಿ ಹೇಳಿದೆ, ಮಾತು ತಪ್ಪುತ್ತಿದ್ದೇನೆ ಅಂತ. ಅವರ ಮುಖ ಸಣ್ಣದಾಯಿತು. ಲಾಂಡ್ರಿಯ ಅಟ್ಟದಲ್ಲಿ ಹಳೇ ಕಾಲದ ಕೆಂಡದ ಇಸ್ತ್ರಿ ಪೆಟ್ಟಿಗೆ ಇದೆ, ಮಾಲೀಕರನ್ನು ಕೇಳಿ ಅದನ್ನು ಕೊಡಿಸುತ್ತೇನೆ ಅಂದೆ. ಅದು ಇನ್ನೂ ಚೆನ್ನಾಗಿರುತ್ತೆ ಅಂದರು. ಗೊಂಬೆಯ ಕೈಗೆ ಹಿಡಿಸುತ್ತಾರಂತೆ.

ನಿನ್ನ ದೋಣಿ ತಂದುಕೊಡು. ನಾನು ಮತ್ತೆ ದಿನವಿಡೀ ಹೊಲಿಯುತ್ತೇನೆ ಅಂತ ಹೇಳುತ್ತಿಲ್ಲ. ಲಾಂಡ್ರಿ ಬಿಡುವುದಿಲ್ಲ. ಭಾನುವಾರ ಹೊಲಿಯುತ್ತೇನೆ. ತಪ್ಪಿಸಿಕೊಂಡ ಮೂರನ್ನು ಹಿಡಿಯಬೇಕು.

ಇದರ ಜೊತೆ ಮಡಿಸಿದ ಚೀಟಿ ಎಣ್ಣೆಯವರಿಗೆ. ನೀನು ಓದಬೇಡ. ಅವರಿಗೆ ನಾನೇ ಹೇಳಬೇಕಾದ್ದು.

ದೊಡ್ಡಮ್ಮ


ಮಾರ್ಚ್ ೩೧

ದೊಡ್ಡಮ್ಮ,

ದೋಣಿ ಮುಗಿಯಿತು. ಹದಿನಾರು ದಿನ ಉಜ್ಜಿದ್ದೇನೆ. ಹೊಗಳಿಕೊಳ್ಳುವ ಮೊದಲು ದೋಷ ಹೇಳುತ್ತೇನೆ: ತೆಳು ಬಟ್ಟೆಗೆ ಚೆನ್ನಾಗಿ ಓಡುತ್ತೆ, ದಪ್ಪ ಬಟ್ಟೆ ನಾಲ್ಕು ಪದರ ಇಟ್ಟರೆ ಎಲ್ಲೋ ಒಂದು ಹೊಲಿಗೆ ಬಿಡುತ್ತೆ. ಅದು ಬೇರೆ ಮಿಷನ್ನಿನ ದೋಣಿ, ನಿನ್ನದಾಗಲು ಸ್ವಲ್ಪ ಕಾಲ ಬೇಕು ಅಂತಾರೆ ಎಣ್ಣೆ ಮಾವ. ಅಜ್ಜಿಯ ಕಾಲದ ದೋಣಿಯನ್ನು ನಾನು ವಾಪಸ್ ತರಲಾರೆ. ಅದು ಹೋಯಿತು, ನನ್ನಿಂದಲೇ ಹೋಯಿತು. ಹಳೆಯದನ್ನು ಬಿಸಾಡಬೇಡ, ನನಗೆ ಬೇಕು.

ಚೀಟಿ ನಾನು ಓದಲಿಲ್ಲ. ಬೆಳಕಿಗೆ ಹಿಡಿದು ನೋಡಬೇಕು ಅನ್ನಿಸಿತು, ಹಿಡಿಯಲಿಲ್ಲ. ಮಾವ ಅದನ್ನು ಬೆಂಚಿನ ಆ ಕಡೆ ತಿರುಗಿ ಓದಿದರು. ಚಿಕ್ಕ ಚೀಟಿ, ಅಷ್ಟು ಹೊತ್ತು ಓದುವಂಥದ್ದು ಅದರಲ್ಲಿ ಏನಿತ್ತೋ. ಆಮೇಲೆ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಅಂಗಡಿ ಮುಚ್ಚುವಾಗ "ನಿಮ್ಮ ದೊಡ್ಡಮ್ಮನ ಮಿಷನ್ನಿಗೆ ಬೆಲ್ಟ್ ಎಷ್ಟು ಉದ್ದ?" ಅಂತ ಕೇಳಿದರು. ಹೇಳಿದೆ. ಗೋಡೆಯಿಂದ ಒಂದು ಬೆಲ್ಟ್ ಇಳಿಸಿ ಸುರುಳಿ ಸುತ್ತಿದರು. "ಎಂಟು ವರ್ಷದಲ್ಲಿ ಚರ್ಮ ಒಣಗಿರುತ್ತೆ. ಅದನ್ನ ಕೂಡಿಸೋದು ನಿನಗೆ ಇನ್ನೂ ಸರಿಯಾಗಿ ಬರಲ್ಲ" ಅಂದರು. ನನಗೆ ಚೆನ್ನಾಗಿಯೇ ಬರುತ್ತೆ. ಎರಡು ವರ್ಷದಿಂದ ಈ ಅಂಗಡಿಯ ಬೆಲ್ಟುಗಳನ್ನೆಲ್ಲ ಕೂಡಿಸುತ್ತಿರುವುದು ನಾನೇ. ಆದರೂ ಒಂದು ಸಲ, ನಿನ್ನಾಣೆ, ಹೌದು ಮಾವ ಬರಲ್ಲ ಅಂದೆ. ಇದು ನಾನು ಹೇಳಿದ ಮೊದಲನೇ ಸುಳ್ಳು. ಬರೆದಿಟ್ಟಿದ್ದೇನೆ, ಬೈಯುವುದಿದ್ದರೆ ಬೈ.

ನಿನ್ನ ಕಿವಿಯ ವಿಷಯ ಅವರಿಗೆ ನಾನು ಹೇಳಿಲ್ಲ. ನೀನು ಚೀಟಿಯಲ್ಲಿ ಬರೆದಿದ್ದೆಯೋ ಏನೋ ಗೊತ್ತಿಲ್ಲ. ಇವತ್ತು ಬೆಳಗ್ಗೆ ಮಾತ್ರ ಅವರು ಒಂದು ಸ್ಲೇಟು ಕೊಂಡು ತಂದು ಚೀಲಕ್ಕೆ ಹಾಕಿದರು.

ಈ ಪತ್ರವನ್ನು ಪೋಸ್ಟಿಗೆ ಹಾಕುವುದಿಲ್ಲ. ಹಾಕಿದರೆ ನಮಗಿಂತ ಹಿಂದೆ ಬರುತ್ತೆ. ಕೈಯಲ್ಲೇ ತರುತ್ತೇನೆ. ಬಾಗಿಲಲ್ಲಿ ನಿಂತು ಕೂಗುವುದಿಲ್ಲ, ಒಳಗೆ ಬಂದು ನಿನ್ನ ಎದುರಿಗೆ, ನಿನಗೆ ಕಾಣುವ ಕಡೆ ನಿಂತುಕೊಳ್ಳುತ್ತೇನೆ. ಟವೆಲ್ ತೆಗೆದಿಡು. ದೋಣಿಯನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೆಟ್ಟಿಗೆಗೆ ಹಾಕಿದ್ದೇನೆ, ದಾರಿಯುದ್ದಕ್ಕೂ ಮುಷ್ಟಿಯಲ್ಲೇ ಇರುತ್ತೆ. ಈ ಸಲ ಬೀಳುವುದಿಲ್ಲ.

ನಾಳೆ ಬೆಳಗ್ಗೆ ಆರೂವರೆ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ.

ಬುಗುರಿ